ಅಳದ ಕೂಸಿಗೆ ಮೂರು ಚುಟಿಗಿ

ಹೋದ ತಿಂಗಳು ತಾರಿಹಾಳಕ್ಕೆ ಹೋಗಿದ್ದೆ. ನನ್ನ ತಮ್ಮನ ಮೊಮ್ಮಗ ಅಲ್ಲಿ ಸಣ್ಣದೊಂದು ವರ್ಕಶಾಪು ಹಾಕಿದ್ದಾನೆ. ಕರೆಂಟಿನ ಸುತ್ತಿಗೆ, ಕರೆಂಟಿನ ತಿದಿ. ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಚಹಾ ಕೊಟ್ಟರು. ನಾನು ಕೆಲಸಗಾರರ ಕೈ ನೋಡುತ್ತ, ಮನಸ್ಸಿನಲ್ಲೇ ತಪ್ಪು ಹುಡುಕುತ್ತ ಕೂತಿದ್ದೆ. ಒಂದು ಕಿಡಿ ಹಾರಿ ಒಬ್ಬನ ಮುಂಗೈ ಮೇಲೆ ಬಿತ್ತು. ಅವನು ಕೈ ಝಾಡಿಸಿ ನಕ್ಕ. ಆದರೆ ಕೂದಲು, ತೊಗಲು ಸುಟ್ಟ ವಾಸನೆ ನನ್ನ ಕುರ್ಚಿಯವರೆಗೂ ಬಂತು. ನಾನು ಚಹಾ ಕೆಳಗಿಟ್ಟು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ವಾಂತಿ ಮಾಡಿಕೊಂಡೆ.

ಮೊಮ್ಮಗ ಹಿಂದೆಯೇ ಬಂದ. "ಯಾಕ್ರೀ ಅಜ್ಜಾ, ಶೆಕಿ ಆತೇನ್ರಿ?"

"ಹೂಂ, ಶೆಕಿ," ಅಂದೆ.

ಐವತ್ತು ವರ್ಷ ಬೆಂಕಿಯ ಮುಂದೆ ನಿಂತವನಿಗೆ ಶೆಕೆ ಎಲ್ಲಿಯದು? ಅವನಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಸಂಗತಿ ಮಾತ್ರ ತಪ್ಪಿಲ್ಲ.

ಉಪ್ಪಿನ ಸತ್ಯಾಗ್ರಹದ ಗದ್ದಲವಾಗಿ ಮರುವರ್ಷದ ಬೇಸಿಗೆ ಅದು. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಕಮ್ಮಾರಸಾಲಿ. ಮುಂದೆ ಕುಲುಮೆ, ಹಿಂದೆ ಮನೆ, ನಡುವೆ ಒಂದು ಮಣ್ಣಿನ ಗೋಡೆ. ಬೇಸಿಗೆ ಬಂತೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯಿಂದ ಹತ್ತಿಯ ಗಾಡಿಗಳು ಸಾಲುಗಟ್ಟಿ ಬರುತ್ತಿದ್ದವು. ಬಿಸಿಲಿಗೆ ಕಟ್ಟಿಗೆ ಒಣಗಿ, ಗಾಲಿಗೆ ಹಾಕಿದ ಕಬ್ಬಿಣದ ಹಳಿ ಸಡಿಲಾಗಿ, ಅವೆಲ್ಲ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಕಮ್ಮಾರ ಈರಪ್ಪ ಏರಿಸಿದ ಹಳಿ ಗಾಲಿ ಮುರಿದರೂ ಕಳಚುವುದಿಲ್ಲ ಅಂತ ಗಾಡಿಯವರಲ್ಲಿ ಮಾತಿತ್ತು. ನಾನು ಹುಟ್ಟಿಸಿದ ಮಾತಲ್ಲ, ಅವರೇ ಆಡಿದ್ದು.

ಹಳಿಗಿಂತ ಹೆಚ್ಚಿನ ಹೆಸರು ನನಗೆ ಚುಟಿಗಿಯಿಂದ ಬಂದಿತ್ತು. ಚುಟಿಗಿ ಅಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಗೇಣುದ್ದದ ತೆಳು ಕಬ್ಬಿಣ, ತುದಿಗೆ ಜೋಳದ ಕಾಳಿನಷ್ಟು ಗುಂಡು. ಅದನ್ನು ಕೆಂಪಗೆ ಕಾಸಿ ಜಡ್ಡಾದ ಕೂಸಿನ ಮೈಗೆ ಮುಟ್ಟಿಸಿ ತೆಗೆಯುವುದು. ಹೊಟ್ಟೆ ಉಬ್ಬಿದರೆ ಹೊಕ್ಕುಳದ ಪಕ್ಕ, ಸೆಳವು ಬಂದರೆ ಹಣೆಗೆ, ಹಠಕ್ಕೆ ಮತ್ತು ದೆವ್ವದ ಗಾಳಿಗೆ ಕಾಲಿನ ಮೀನಖಂಡಕ್ಕೆ. ಅಮಾಸಿಯ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಹತ್ತು ಹದಿನೈದು ತಾಯಂದಿರು ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ನನ್ನಪ್ಪನಿಂದ ಬಂದ ವಿದ್ಯೆ. ಒಂದು ತೆಂಗಿನಕಾಯಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಅಪ್ಪ ಒಂದೇ ಗುರುತು ಹೇಳಿಕೊಟ್ಟಿದ್ದ. ಕಬ್ಬಿಣ ಮುಟ್ಟಿದ ಕ್ಷಣ ಕೂಸು ಕಿಟಾರನೆ ಚೀರಬೇಕು. ಚೀರಿತೆಂದರೆ ಜಡ್ಡು ಆ ಬಾಯಿಯಿಂದಲೇ ಹೊರಗೆ ಹೋಯಿತು. ಚೀರದಿದ್ದರೆ ಜಡ್ಡಿಗೆ ಮುಟ್ಟಿಲ್ಲ, ಮತ್ತೊಮ್ಮೆ ಮುಟ್ಟಿಸು. ನನಗೆ ಎರಡನೆಯ ಸಲ ಮುಟ್ಟಿಸುವ ಪ್ರಸಂಗ ಅಲ್ಲಿಯವರೆಗೆ ಬಂದಿರಲಿಲ್ಲ.

ನನ್ನ ಮಗಳು ಪಾರಿಗೆ ಆಗ ಆರು ವರ್ಷ. ಒಬ್ಬಳೇ ಮಗಳು. ಮಾತು ನಾಲ್ಕೋ ಐದೋ ಬರುತ್ತಿದ್ದವು, ಅವೂ ತನ್ನಷ್ಟಕ್ಕೆ. ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಲು ಹೋದರೆ ಕೊರಳು ಕೊಯ್ದಂತೆ ಚೀರುವಳು. ಹೊಸ ಖಣದ ಪೋಲಕ ತೊಡಿಸಿದರೆ ಹಲ್ಲಿನಿಂದ ಹರಿದು ಒಗೆಯುವಳು. ಒಗೆದು ಒಗೆದು ಮೆತ್ತಗಾದ ಅಜ್ಜಿಯ ಹಳೇ ಸೀರೆಯ ತುಂಡೊಂದೇ ಆಕೆಯ ಮೈಮೇಲೆ ನಿಲ್ಲುತ್ತಿತ್ತು. ರೊಟ್ಟಿಗೆ ಪಲ್ಯದ ರಸ ತಾಗಿದರೆ ಆ ರೊಟ್ಟಿ ಮುಗಿಯಿತು. ಒಗ್ಗರಣೆಗೆ ಇಂಗು ಬಿದ್ದರೆ ಹಿತ್ತಿಲಿಗೆ ಓಡುವಳು. ಒಂದು ತಾಟು ಕೈಜಾರಿ ನೆಲಕ್ಕೆ ಬಿದ್ದರೆ ಸಾಕು, ಕಿವಿ ಮುಚ್ಚಿಕೊಂಡು ಗೋಡೆಗೆ ಹಣೆ ಚಚ್ಚಿಕೊಳ್ಳುವಳು, ರಕ್ತ ಬರುವ ತನಕ.

ಇಷ್ಟಾದರೂ ನನ್ನ ಸುತ್ತಿಗೆಯ ಪಕ್ಕ ಇಡೀ ದಿನ ಕೂಡುತ್ತಿದ್ದಳು. ಓಣಿಯ ಮಂದಿ ಕಿವಿಗೆ ಬೆರಳಿಟ್ಟು ದಾಟುವ ಹೊಡೆತ ನನ್ನದು. ಈಕೆ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನಿಂದ ನಾಲ್ಕು ಮೊಳ ದೂರದಲ್ಲಿ ಕೂತು, ಒಂದೊಂದು ಪೆಟ್ಟಿಗೂ ಹಿಂದೆ ಮುಂದೆ ತೂಗುತ್ತ, ನಗುತ್ತ ಇರುವಳು. ಇಷ್ಟು ದೊಡ್ಡ ಸಪ್ಪಳ ತಡೆಯುವವಳು ತಾಟಿನ ಸಪ್ಪಳಕ್ಕೆ ಯಾಕೆ ಸಾಯಬೇಕು? ನನಗೆ ತೋಚಿದ್ದು ಒಂದೇ. ಇದು ಸೋಗು. ಹಠ. ಹಠಕ್ಕೆ ಮದ್ದು ಏಟು ಅಂತ ಕಲಿತವನು ನಾನು. ಬಾರಿಸಿದ್ದೆ. ಒಂದೆರಡು ಸಲ ಅಲ್ಲ.

ಹೆಂಡತಿ ಕಾಳವ್ವ ನಡುವೆ ಬರುತ್ತಿದ್ದಳು. "ಆಕಿಗೆ ಏನೋ ಚುಚ್ಚತೈತ್ರಿ. ನಮಗ ಕಾಣಂಗಿಲ್ಲ ಅಷ್ಟ."

"ಕಾಣದ್ದು ಹೆಂಗ ಚುಚ್ಚತೈತಿ?" ಅಂತ ಆಕೆಯ ಬಾಯಿ ಮುಚ್ಚಿಸುತ್ತಿದ್ದೆ.

ಆ ವರ್ಷದ ಹೋಳಿ ಬಂತು. ಹುಬ್ಬಳ್ಳಿಯ ಹೋಳಿ ಅಂದರೆ ಹಲಗೆ. ಸಣ್ಣವರು ದೊಡ್ಡವರು ಎಲ್ಲ ಕೊರಳಿಗೆ ತೊಗಲಿನ ಹಲಗೆ ಹಾಕಿಕೊಂಡು ಐದು ದಿನ ಓಣಿ ಓಣಿ ಬಡಿಯುತ್ತ ತಿರುಗುತ್ತಾರೆ. ಪಾರಿ ಮೊದಲ ದಿನವೇ ಜೋಳದ ಚೀಲಗಳ ಹಿಂದೆ ಸೇರಿದಳು. ಎರಡನೆಯ ದಿನ ಅನ್ನ ನೀರು ಬಿಟ್ಟಳು. ಮೂರನೆಯ ದಿನ ಮುಂಜಾನೆ ಓಣಿಯ ಗುಂಪು ನಮ್ಮ ಕಟ್ಟೆಗೇ ಬಂತು. ಕಾಮನನ್ನು ಸುಡಲು ಕಟ್ಟಿಗೆ ಕೇಳುವ ಪದ್ಧತಿ ಇತ್ತು, ಮುರಿದ ಗಾಲಿಯ ತುಂಡುಗಳನ್ನು ನಾನೇ ಕೊಡುತ್ತಿದ್ದೆ. ಗುಂಪಿನ ಮುಂದೆ ಓಣಿಯ ಹಿರಿಯ ಗುರುಸಿದ್ದಪ್ಪ, ಮೀಸೆಗೆ ಬಣ್ಣ. ಕೊಡುವ ತನಕ ಬಡಿಯುತ್ತೇವೆ ಅಂತ ಇಪ್ಪತ್ತು ಹಲಗೆ ಒಮ್ಮೆಲೇ ಬಡಿದರು. ಗೋಡೆಯ ಮಣ್ಣು ಉದುರಿತು.

ಪಾರಿ ಒಳಗಿನಿಂದ ಬಂದದ್ದನ್ನು ನಾನು ನೋಡಲೇ ಇಲ್ಲ. ಕೈಯಲ್ಲಿ ನನ್ನ ಉಳಿ ಇತ್ತು. ಗುರುಸಿದ್ದಪ್ಪನ ಹಲಗೆಗೆ ಅದನ್ನು ಎತ್ತಿ ಹೊಡೆದಳು. ತೊಗಲು ಬಿರ್ರನೆ ಹರಿಯಿತು. ಪಕ್ಕದವನೊಬ್ಬ ಆಕೆಯ ಕೂದಲು ಹಿಡಿದ. ಅವನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದಳು, ಬಿಡಲೇ ಇಲ್ಲ. ಅವನು ಚೀರಿ, ಇನ್ನೊಂದು ಕೈಯಿಂದ ಆಕೆಯ ಬೆನ್ನಿಗೆ ಗುದ್ದುತ್ತಿದ್ದ. ರಕ್ತ ಅವನದೋ ಆಕೆಯದೋ ತಿಳಿಯಲಿಲ್ಲ. ನಾನು ಬಿಡಿಸಿದೆ. ಬಿಡಿಸಿದವನು ಅಷ್ಟಕ್ಕೆ ನಿಲ್ಲಬೇಕಿತ್ತು. ಎಲ್ಲರೂ ನೋಡುತ್ತಿದ್ದರು. ಸುತ್ತಿಗೆ ಹಿಡಿಯುವ ಕೈಯಿಂದಲೇ ಆಕೆಯ ಕೆನ್ನೆಗೆ ಹೊಡೆದೆ. ಕಟ್ಟೆಯ ಕಲ್ಲಿಗೆ ಬಿದ್ದಳು, ಮುಂದಿನ ಹಲ್ಲು ಮುರಿಯಿತು.

ಆ ಏಟಿಗೆ ಪಾರಿ ಅಳಲಿಲ್ಲ. ಹಿಂದೆ ಯಾರೋ ಮತ್ತೊಮ್ಮೆ ಹಲಗೆ ತಟ್ಟಿದರು, ಆಗ ಅತ್ತಳು. ಅದನ್ನು ಕಣ್ಣಾರೆ ಕಂಡೆ. ಕಂಡೂ ನನಗೆ ತಿಳಿಯಲಿಲ್ಲ.

ಗುರುಸಿದ್ದಪ್ಪ ಹರಿದ ಹಲಗೆಯನ್ನು ಎತ್ತಿ ಮಂದಿಗೆ ತೋರಿಸಿದ. "ಏನಪಾ ಈರಪ್ಪ, ಊರ ಮಂದಿ ಮಕ್ಕಳಿಗೆಲ್ಲಾ ಚುಟಿಗಿ ಹಾಕ್ತಿ. ನಿನ್ನ ಮನ್ಯಾಗ ಕಬ್ಬಿಣ ಕಾಯಂಗಿಲ್ಲೇನು?"

ಎಲ್ಲರೂ ನಕ್ಕರು. ಕಚ್ಚಿಸಿಕೊಂಡವನೂ ನಕ್ಕ. ಆ ನಗೆ ಹದಿನೈದು ದಿನ ನನ್ನ ಕಿವಿಯಲ್ಲಿತ್ತು. ಅಷ್ಟು ದಿನ ಯಾವ ಹಳಿಯೂ ಸರಿಯಾಗಿ ಕೂಡಲಿಲ್ಲ.

ಯುಗಾದಿ ಅಮಾಸಿ ಬಂತು. ಹಬ್ಬಕ್ಕೆ ಮೊದಲು ಮನೆಯ ಕೌದಿ, ಕಂಬಳಿ ಎಲ್ಲ ಒಗೆಯುವ ದಿನ. ಕಾಳವ್ವ ಗಂಟು ಹೊತ್ತು ಕೆರೆಗೆ ಹೋದಳು. ಆಕೆ ಹೋಗುವುದನ್ನೇ ಕಾದಿದ್ದೆ. ಕಟ್ಟೆಯ ಮೇಲೆ ಎಂದಿನಂತೆ ತಾಯಂದಿರು ಕೂತಿದ್ದರು. ಅವರ ಮುಂದೆಯೇ ಮಾಡಬೇಕೆಂದು ನನ್ನ ಹಠ. ನಕ್ಕ ಊರಿಗೆ ಸುದ್ದಿ ಹೋಗಬೇಕಲ್ಲ.

ನನ್ನವ್ವ ಪಾರಿಯನ್ನು ಬೋರಲು ಹಾಕಿ ಆಕೆಯ ತೊಡೆಯ ಮೇಲೆ ಕೂತಳು. ಹಿಡಿದ ಕೂಡಲೇ ಪಾರಿ ಚೀರತೊಡಗಿದಳು. ಕಬ್ಬಿಣಕ್ಕಲ್ಲ, ಹಿಡಿದ ಕೈಗಳಿಗೆ. ಓಣಿಯ ಆ ತುದಿಗೆ ಕೇಳುವಂಥ ಚೀರಾಟ. ನಾನು ಬೆಂಕಿಯಿಂದ ಚುಟಿಗಿ ತೆಗೆದು ಬಲಗಾಲಿನ ಮೀನಖಂಡಕ್ಕೆ ಮುಟ್ಟಿಸಿದೆ.

ಪಾರಿ ಸುಮ್ಮನಾದಳು.

ನಾನು ಅದುವರೆಗೆ ಕಂಡದ್ದಕ್ಕೆ ಪೂರ್ತಿ ಉಲ್ಟಾ. ಬಾಯಿ ತೆರೆದೇ ಇತ್ತು, ಸಪ್ಪಳ ಇರಲಿಲ್ಲ. ಕಟ್ಟೆಯ ಮೇಲಿನ ಒಬ್ಬ ಮುದುಕಿ ಎದ್ದು ನಿಂತಳು.

ಅವ್ವ ಅಂದಳು, "ಅಳವಲ್ಲದು ನೋಡೋ. ಒಳಗ ಅಡಗಿ ಕುಂತೈತಿ. ಇನ್ನೊಮ್ಮೆ ಹಾಕು."

ಇನ್ನೊಮ್ಮೆ ಕಾಸಿದೆ, ಒಂದು ಬೆರಳು ಕೆಳಗೆ ಹಾಕಿದೆ. ಅಳಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಇವತ್ತಿಗೂ ಹೇಳಲಾರೆ. ಈ ಕೂಸು ಎಣ್ಣೆಗೆ ಅಳುತ್ತದೆ, ಬಾಚಣಿಕೆಗೆ ಅಳುತ್ತದೆ, ಬೆಂಕಿಗೆ ಅಳುವುದಿಲ್ಲ. ಹತ್ತು ಮಂದಿಯ ಮುಂದೆ ನನ್ನ ವಿದ್ಯೆಯನ್ನು ಹುಸಿ ಮಾಡುತ್ತಿದೆ. ಮೂರನೆಯ ಸಲ ಮುಟ್ಟಿಸಿ ತೆಗೆಯಲಿಲ್ಲ. ಒತ್ತಿ ಹಿಡಿದೆ. ಅಳು, ಅಳು ಅಂತ ಅನ್ನುತ್ತಿದ್ದೆನಂತೆ, ಅವ್ವ ಆಮೇಲೆ ಹೇಳಿದ್ದು. ನನಗೆ ನೆನಪಿರುವುದು ವಾಸನೆ ಮಾತ್ರ.

ಕಾಳವ್ವ ಯಾವಾಗ ಬಂದಳೋ. ಸಾಬೂನು ಮರೆತು ಅರ್ಧ ದಾರಿಯಿಂದ ತಿರುಗಿದ್ದಳಂತೆ. ಅತ್ತೆಯನ್ನು ಎರಡೂ ಕೈಯಿಂದ ನೂಕಿದಳು. ಮುದುಕಿ ಇದ್ದಲಿಯ ರಾಶಿಗೆ ಬಿದ್ದಳು. ನನ್ನ ಕೈಯಿಂದ ಚುಟಿಗಿ ಕಸಿದುಕೊಂಡಳು. ಕಸಿದು ಎಸೆಯುತ್ತಾಳೆ ಅಂದುಕೊಂಡೆ. ಬೆಂಕಿಗಿಟ್ಟಳು. ನಾನು ದಡ್ಡನಂತೆ ನೋಡುತ್ತ ನಿಂತೆ. ತೆಗೆದವಳೇ ನನ್ನ ಬಲಗೈಯ ಮೊಣಕೈ ಕೆಳಗೆ ಒತ್ತಿದಳು.

ಕಬ್ಬಿಣ ಕಾಸುವುದೇ ಬದುಕು ನನ್ನದು. ಕೈ ಮೇಲೆ ಸುಟ್ಟ ಕಲೆಗೆ ಲೆಕ್ಕವಿಲ್ಲ. ಆದರೂ ಚೀರಿದೆ. ಕಟ್ಟೆಯ ಮೇಲಿದ್ದ ಕೂಸುಗಳೆಲ್ಲ ಅಳತೊಡಗಿದವು.

"ಚೀರಿದಿಲ್ಲ? ಹಂಗಾರ ನಿನ್ನ ಜಡ್ಡು ಹೋತು," ಅಂದಳು. ಅಂದಿನವರೆಗೆ ನನ್ನನ್ನು 'ನೀವು' ಅನ್ನದೆ ಮಾತಾಡಿದವಳಲ್ಲ. ಆಮೇಲೆ ಮಗಳನ್ನು ಎತ್ತಿಕೊಳ್ಳಲು ಹೋದಳು. ಪಾರಿ ಆಕೆಯ ಕೈಯನ್ನೂ ಪರಚಿ, ಒಂದು ಕಾಲು ಎಳೆಯುತ್ತ ಜೋಳದ ಚೀಲಗಳ ಹಿಂದೆ ಹೋದಳು.

ಮೊದಲೆರಡು ಸುಟ್ಟ ಗಾಯ ಒಣಗಿದವು. ಮೂರನೆಯದು ಒಣಗಲಿಲ್ಲ. ಚೈತ್ರದ ಬಿಸಿಲು, ನೊಣ, ಧೂಳು. ಕಾಲು ಊದಿ ಬಾಳೆದಿಂಡಿನಂತಾಯಿತು. ಬಟ್ಟೆ ಸುತ್ತಿದರೆ ಕಿತ್ತು ಹಾಕುವಳು. ಅರಿಷಿಣ ಹಚ್ಚಿದರೆ ಉಗುರಿನಿಂದ ಕೆರೆದು ತೆಗೆಯುವಳು, ಜೊತೆಗೆ ಮಾಂಸವೂ ಬರುತ್ತಿತ್ತು. ನಾಲ್ಕು ಮಂದಿ ಹಿಡಿದರೆ ನಾಲ್ವರನ್ನೂ ಕಚ್ಚುವಳು. ಎಂಟನೆಯ ದಿನ ಜ್ವರ ಬಂತು. ಹತ್ತನೆಯ ದಿನ ಅವಳ ಬಾಯಿಂದ ಹೊಲಸು ವಾಸನೆ ಬರತೊಡಗಿತು.

ಎದುರು ಮನೆಯ ಪಿಂಜಾರ ಹುಸೇನಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಧಾರವಾಡದ ಒಂದು ಮದುವೆ ಮನೆಗೆ ಏಳು ಗಾದಿ ಒಯ್ಯುವುದಿತ್ತು. ತಾನಾಗಿಯೇ ಬಂದು ಅಂದ, "ಈರಪ್ಪಾ, ನನ್ನ ಗಾಡಿ ಧಾರವಾಡಕ್ಕ ಹೊಂಟೈತಿ. ಕೂಸಿನ್ನ ಹಾಕ್ಕೊಂಡು ನಡಿ, ಡಾಕ್ಟರಿಗೆ ತೋರಸೂನು. ರೈಲಿನ ಶೀಟಿ ಕೇಳಿದ್ರ ಈಕಿ ದಾರ್ಯಾಗ ಸಾಯ್ತಾಳ."

ಗಾಡಿ ಉಣಕಲ್ಲು ದಾಟುವ ತನಕ ಪಾರಿ ಹಲ್ಲು ಕಡಿಯುತ್ತ ಹೊಯ್ದಾಡಿದಳು. ನವಲೂರಿನ ಹತ್ತಿರ ಗಾಡಿ ಒಂದು ತಗ್ಗಿಗೆ ಬಿದ್ದು, ಒಟ್ಟಿದ ಗಾದಿಗಳು ಜಾರಿ ಅವಳ ಮೇಲೆ ಬಿದ್ದವು. ಕಾಳವ್ವ ಚೀರಿಕೊಂಡು ತೆಗೆಯಲು ಹೋದಳು. ಹುಸೇನಸಾಬ ಅವಳ ಕೈ ತಡೆದ. "ತಡಿ ತಂಗಿ. ಕೂಸು ಸುಮ್ನಾಗೇತಿ ನೋಡು."

ಸತ್ತೇ ಹೋದಳೆಂದು ನಾನು ಗಾಡಿಯಿಂದ ಜಿಗಿದೆ. ಸತ್ತಿರಲಿಲ್ಲ. ಮೂರು ಗಾದಿಗಳ ಭಾರದ ಕೆಳಗೆ, ಮೂಗು ಮಾತ್ರ ಹೊರಗಿಟ್ಟು, ಕಣ್ಣು ಮುಚ್ಚಿದ್ದಳು. ಹತ್ತು ದಿನದಲ್ಲಿ ಮೊದಲ ನಿದ್ದೆ. ಬೆರಳ ತುದಿ ತಾಗಿದರೆ ಉರಿಯುವ ಮೈ ಅದು. ಅಷ್ಟು ಭಾರ ಹೇಗೆ ಹಿತವಾಯಿತೋ ದೇವರಿಗೇ ಗೊತ್ತು. ಇವತ್ತು ಇಂಥ ಮಕ್ಕಳಿಗೆ ಏನೋ ಹೆಸರಿದೆಯಂತೆ, ಓದಿದವರು ಹೇಳುತ್ತಾರೆ. ನಮಗೆ ಹೆಸರಿರಲಿಲ್ಲ, ಏಳು ಗಾದಿ ಇದ್ದವು.

ಡಾಕ್ಟರು ವಯಸ್ಸಾದವರು, ಕೋಟು, ರುಮಾಲು. ಬಾಗಿ ಗಾಯ ನೋಡಿದರು. "ಇದನ್ನ ಯಾರು ಮಾಡ್ಯಾರ?"

"ನಾನರೀ."

"ಯಾಕ?"

"ಅಳಲಿಲ್ಲರೀ."

ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಳಲಿಲ್ಲಾಂತ ಸುಟ್ರಿ. ಅತ್ತಿದ್ರ ಏನ್ ಮಾಡ್ತಿದ್ರಿ?" ಕಾಳವ್ವನ ಕಡೆ ತಿರುಗಿ ಹೇಳಿದರು, "ದಿನಕ್ಕ ಎರಡು ಸಲ ಕಾಸಿ ಆರಿಸಿದ ನೀರಿನ್ಯಾಗ ತೊಳೀಬೇಕು, ಈ ಔಷಧ ಹಚ್ಚಿ ಹೊಸಾ ಬಟ್ಟಿ ಕಟ್ಟಬೇಕು. ಒಂದು ದಿನಾ ತಪ್ಪಿದ್ರ ವಿಷ ಮೈಗೆ ಏರ್ತದ. ಆಮ್ಯಾಲೆ ನನ್ನ ಹಂತ್ಯಾಕ ತರಬ್ಯಾಡ್ರಿ, ಉಪಯೋಗ ಇಲ್ಲ."

ಮದುವೆ ಮನೆಗೆ ಅಂದು ಐದೇ ಗಾದಿ ಮುಟ್ಟಿದವು. ಎರಡು ಗಾದಿ ನಮ್ಮ ಮನೆಗೆ ಬಂದವು. ಹುಸೇನಸಾಬ ಅವನ್ನು ಬಿಚ್ಚಿ, ಇನ್ನಷ್ಟು ಹತ್ತಿ ತುಂಬಿ, ಒಂದೇ ದಪ್ಪ ಗಾದಿ ಮಾಡಿ ಹೊಲಿದ. ಅದರ ಕೆಳಗೆ ಪಾರಿ, ಹೊರಗೆ ಬಲಗಾಲು ಮಾತ್ರ. ಆದರೂ ನೀರು ತಾಗಿದ ಕೂಡಲೇ ಕಾಲು ಎಳೆದುಕೊಳ್ಳುವಳು. ಎರಡನೆಯ ದಿನ ಗೋಡೆಯಾಚೆ ನಾನು ಒಂದು ನೇಗಿಲ ಕುಳ ಬಡಿಯುತ್ತಿದ್ದೆ. ಒಳಗಿಂದ ಕಾಳವ್ವ ಕೂಗಿದಳು, "ನಿಲ್ಲಿಸಬ್ಯಾಡ. ಹಂಗ ಬಡಿ. ಕಾಲು ಬಿಟ್ಟಾಳ."

ಕುಳ ತಣ್ಣಗಾಯಿತು. ತಣ್ಣನೆಯ ಕಬ್ಬಿಣದ ಮೇಲೆ ಬಡಿದೆ. ಮರುದಿನದಿಂದ ಕಬ್ಬಿಣವೂ ಇಲ್ಲ, ಬರೇ ಅಡಿಗಲ್ಲು. ಬೆಳಿಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ, ಕಾಳವ್ವ ತೊಳೆದು ಕಟ್ಟುವ ತನಕ ಒಂದೇ ಸಮ ಪೆಟ್ಟು. ಒಂದು ಪೆಟ್ಟು ಹಿಂದೆ ಮುಂದೆ ಆದರೆ ಗೋಡೆಯಾಚೆಯಿಂದ ಚೀರು ಬರುತ್ತಿತ್ತು. ನನ್ನ ಬಲಗೈಯಲ್ಲಿ ಕಾಳವ್ವ ಹಾಕಿದ ಚುಟಿಗಿಯ ಗಾಯ ಹಸಿಯಾಗಿತ್ತು. ಎತ್ತಿದಾಗ ತೊಗಲು ಬಿರಿದು ರಸಿಗೆ ಮೊಣಕೈಗೆ ಇಳಿಯುತ್ತಿತ್ತು. ಎಡಗೈಯಿಂದ ಬಡಿದರೆ ತಾಳ ತಪ್ಪುತ್ತಿತ್ತು. ಬಲಗೈಯಿಂದಲೇ ಬಡಿದೆ.

ಹತ್ತಿಯ ಗಾಡಿಯವರು ಸಾಲಾಗಿ ನಿಂತು ನೋಡುವರು. ಗುರುಸಿದ್ದಪ್ಪ ದಾಟುತ್ತ ಅಂದ, "ಏನ್ ಮಾಡಾಕತ್ತಿ ಈರಪ್ಪ? ಗಾಳಿಗೆ ಹಳಿ ಏರಸ್ತೀಯೇನು?"

ಹಿಂದಿನ ಈರಪ್ಪನಾಗಿದ್ದರೆ ಇಕ್ಕಳ ಎಸೆಯುತ್ತಿದ್ದ. ನಾನು ತಾಳ ಕೆಡದಂತೆ ಬಡಿಯುತ್ತಲೇ ಇದ್ದೆ. ಹಳಿ ಏರಿಸಲು ಬಂದ ಗಾಡಿಗಳು ಕಾದು ಕಾದು ಬೇರೆ ಕಡೆ ಹೋದವು. ಆ ಬೇಸಿಗೆಯಲ್ಲಿ ನಾನು ಹೊಡೆದ ಹೊಡೆತಗಳಲ್ಲಿ ಹೆಚ್ಚಿನವು ಯಾವ ವಸ್ತುವನ್ನೂ ಮಾಡಲಿಲ್ಲ.

ಎರಡು ತಿಂಗಳು ಹೀಗೇ. ಒಮ್ಮೆ ಅಡ್ಡಮಳೆ ಆಲಿಕಲ್ಲು ಸಮೇತ ಸುರಿದು, ಹೆಂಚಿನ ಮೇಲಿನ ಆ ಸಪ್ಪಳಕ್ಕೆ ಪಾರಿ ಗಾದಿಯ ಕೆಳಗಿನಿಂದ ಎದ್ದು ಬಾಗಿಲಿಗೆ ತಲೆ ಹೊಡೆದುಕೊಂಡಳು. ಕಟ್ಟಿದ್ದೆಲ್ಲ ಬಿಚ್ಚಿ ಗಾಯ ಮತ್ತೆ ತೆರೆದು, ಆ ವಾರ ಇನ್ನು ಉಳಿಯುವುದಿಲ್ಲ ಅಂತ ಅವ್ವ ಅಳುತ್ತ ಕೂತಳು. ಉಳಿದಳು. ಮಿರಗದ ಮಳೆ ಹಿಡಿಯುವ ಹೊತ್ತಿಗೆ ಗಾಯದ ಅಂಚು ಕೂಡಿ ಗುಲಾಬಿ ತೊಗಲು ಬಂತು. ಕಾಲು ಸ್ವಲ್ಪ ಎಳೆಯುತ್ತಿತ್ತು, ಕೊನೆಯ ತನಕ ಎಳೆಯಿತು. ಪಾರಿ ಆಮೇಲೆ ಬಹಳ ವರ್ಷ ಬದುಕಿದಳು. ಸುತ್ತಿಗೆಯ ಪಕ್ಕ ಮೊದಲಿನಂತೆ ಕೂತಳು, ತೂಗಿದಳು. ನನ್ನ ಕೈಗೆ ಮಾತ್ರ ಎಂದೂ ಸಿಗಲಿಲ್ಲ. ತಾಟನ್ನು ನಾನು ನೆಲಕ್ಕಿಟ್ಟು ಹಿಂದೆ ಸರಿದರೆ ಆಗ ಬಂದು ತೆಗೆದುಕೊಳ್ಳುವಳು.

ಕಾಳವ್ವ ಮನೆಯಲ್ಲಿ ತಾಟುಗಳ ಕೆಳಗೆ ಗೋಣಿ ಹಾಸಿದಳು, ಇಂಗು ನಿಲ್ಲಿಸಿದಳು, ಎಣ್ಣೆ ಬಾಚಣಿಕೆ ಬಿಟ್ಟು ಮಗಳ ಕೂದಲನ್ನೇ ಕತ್ತರಿಸಿದಳು. ಹುಚ್ಚು ಬಂದಾಗ ಗಾದಿ. ಚೀರಾಟ ಅರ್ಧಕ್ಕರ್ಧ ಕಡಿಮೆಯಾಯಿತು. ಓಣಿಯವರು ಇದನ್ನು ನೋಡಿದರು, ನೋಡಿ ತಮಗೆ ಬೇಕಾದಂತೆ ತಿಳಿದುಕೊಂಡರು. ಈರಪ್ಪ ತನ್ನ ಸ್ವಂತ ಮಗಳಿಗೆ ಮೂರು ಚುಟಿಗಿ ಹಾಕಿದ, ಒಂದಕ್ಕೆ ಬಗ್ಗದ್ದು ಮೂರಕ್ಕೆ ಬಗ್ಗಿತು. ಸುದ್ದಿ ಗೋಪನಕೊಪ್ಪ ದಾಟಿ ಹಳ್ಳಿಗಳಿಗೆ ಹೋಯಿತು. ನನ್ನ ವಿದ್ಯೆಯ ಹೆಸರು ಎಂದೂ ಇಲ್ಲದಷ್ಟು ಬೆಳೆಯಿತು.

ಮಣ್ಣೆತ್ತಿನ ಅಮಾಸಿಯ ದಿನ ಜಿಟಿಜಿಟಿ ಮಳೆ. ಕಟ್ಟೆಗೆ ಬಂದ ತಾಯಂದಿರನ್ನು ಇಲ್ಲ ಅಂತ ಒಬ್ಬೊಬ್ಬರನ್ನಾಗಿ ಕಳಿಸುತ್ತಿದ್ದೆ. ಆಗ ಕುಂದಗೋಳದ ಕಡೆಯ ಒಂದು ಗಾಡಿ ಬಂತು. ಒಬ್ಬ ಒಕ್ಕಲಿಗ, ಅವನ ಹೆಂಡತಿ, ನಾಲ್ಕು ವರ್ಷದ ಒಂದು ಹೆಣ್ಣುಕೂಸು. ಕೂಸನ್ನು ಗಾಡಿಯ ಗೂಟಕ್ಕೆ ವಲ್ಲಿಯ ಬಟ್ಟೆಯಿಂದ ಬಿಗಿದಿದ್ದರು. ಎಲ್ಲಿ ಬಿಗಿದಿತ್ತೋ ಅಲ್ಲೆಲ್ಲ ಅದು ತನ್ನನ್ನು ತಾನೇ ಕಚ್ಚಿಕೊಂಡಿತ್ತು. ಅದರ ಚೀರು ನನಗೆ ಹೊಸದಾಗಿರಲಿಲ್ಲ.

"ಹಿಂತಾದಕ್ಕ ನಿಮ್ಮ ಹಂತ್ಯಾಕ ಮದ್ದೈತಂತ," ಅಂದ ಅವನು. "ಮೂರು ಹಾಕ್ರಿ, ಐದರ ಹಾಕ್ರಿ. ನಮಗ ಸಾಕಾಗೇತಿ."

"ನಾ ಬಿಟ್ಟೇನಿ. ಹಾಕಂಗಿಲ್ಲ."

"ನಿಮ್ಮ ಮಗಳಿಗೆ ಹಾಕಿದ್ರಿ. ನಮ್ಮ ಕೂಸು ಏನ್ ಪಾಪಾ ಮಾಡೇತಿ?"

ಗುರುಸಿದ್ದಪ್ಪ ಛತ್ರಿ ಹಿಡಿದು ನಿಂತಿದ್ದ. "ಹಾಕಿ ಕಳಸಪಾ, ದೂರಿಂದ ಬಂದಾರ. ಬಿಂಕಾ ಯಾಕ ಮಾಡ್ತಿ?"

ಒಕ್ಕಲಿಗ ಮತ್ತೆ ಕೇಳಲಿಲ್ಲ. ಗೋಡೆಗೆ ಸಿಗಿಸಿದ್ದ ಚುಟಿಗಿಯನ್ನು ತಾನೇ ಕಿತ್ತು ಬೆಂಕಿಗೆ ತುರುಕಿದ. ನಾನು ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒಗೆದೆ. ಅವನು ಬಾರಕೋಲು ಎತ್ತಿ ನನ್ನ ಮುಖಕ್ಕೆ ಸೆಳೆದ, ಕಿವಿ ಹರಿಯಿತು. ಎರಡನೆಯ ಏಟಿಗೆ ಬಾರಕೋಲು ಹಿಡಿದುಕೊಂಡೆ, ಮೊಣಕಾಲಿನಿಂದ ಹೊಟ್ಟೆಗೆ ಹಾಕಿದೆ. ಇಬ್ಬರೂ ಕೆಸರಿಗೆ ಬಿದ್ದೆವು. ಅವನ ಕೈಗಳು ನನ್ನ ಗಂಟಲಿಗೆ ಬಂದವು. ಅವನು ಅಳುತ್ತಿದ್ದ. ಗಟ್ಟಿಮುಟ್ಟಾದ ಗಂಡಸು, ಒತ್ತುತ್ತ ಒತ್ತುತ್ತ ಅಳುತ್ತಿದ್ದ. ಮಂದಿ ನಮ್ಮನ್ನು ಎಳೆದು ಬಿಡಿಸಿದರು.

ಕಿವಿಯ ರಕ್ತ ಬಾಯಿಗೆ ಇಳಿಯುತ್ತಿತ್ತು. ಹತ್ತಿಪ್ಪತ್ತು ಮಂದಿ ಸೇರಿದ್ದರು. ಅವರ ಮುಂದೆ ನನ್ನ ಬಾಯಿಂದ ಅದು ಬರುತ್ತದೆಂದು ನಾನೇ ಅಂದುಕೊಂಡಿರಲಿಲ್ಲ.

"ನನ್ನ ಮಗಳಿಂದ ಏನೂ ಹೋಗಿಲ್ಲ. ಹೋಗಾಕ ಒಳಗ ಏನೂ ಇದ್ದಿದ್ದಿಲ್ಲ. ಹೋಳ್ಯಾಗ ನೀವು ನಕ್ರಿ, ಅದಕ್ಕ ಸುಟ್ಟೆ. ಅಳಲಿಲ್ಲಾಂತ ಮತ್ತ ಸುಟ್ಟೆ. ಕೂಸು ಸಾಯಾಕ ಬಂದಿತ್ತು. ನನಗ ಏನೂ ಬರಂಗಿಲ್ಲ. ನಮ್ಮಪ್ಪಗೂ ಬರತಿದ್ದಿಲ್ಲ."

ಯಾರೂ ನಗಲಿಲ್ಲ. ಒಕ್ಕಲಿಗ ಮಾತ್ರ ಕೆಸರಿನಲ್ಲೇ ಕೂತು, "ಹಾಕಾಕ ಮನಸಿಲ್ಲ, ಅದಕ್ಕ ನೆವಾ ಹೇಳ್ತಾನ," ಅಂದ. ಎದ್ದು ಎತ್ತಿನ ಹಗ್ಗ ಹಿಡಿದ. ಮುಂದಿನ ಊರಿನಲ್ಲಿ ಚುಟಿಗಿ ಹಾಕುವವನೊಬ್ಬ ಇದ್ದ, ಎಲ್ಲರಿಗೂ ಗೊತ್ತಿದ್ದದ್ದೇ.

ಅಷ್ಟರಲ್ಲಿ ಅವನ ಹೆಂಡತಿ, ಅದುವರೆಗೆ ಒಂದು ಮಾತೂ ಆಡದವಳು, ಕೂಸಿನ ಕಟ್ಟು ಬಿಚ್ಚಿ ಕೆಳಗಿಳಿದಳು. ಗಂಡನ ಕಡೆ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಾಳವ್ವನ ಮುಂದೆ ಹೋಗಿ ಕೇಳಿದಳು, "ನಿಮ್ಮಾಕಿ ಹೆಂಗ ಉಳದ್ಲು ಯಕ್ಕಾ?"

"ಒಳಗ ಬಾ," ಅಂದಳು ಕಾಳವ್ವ.

ಕೂಸನ್ನು ನಮ್ಮ ಪಡಸಾಲೆಯಲ್ಲಿ ಮಲಗಿಸಿ ಮೇಲೆ ಗಾದಿ ಹಾಕಿದರು. ಕೂಸು ಒದ್ದಾಡಿತು, ಆಮೇಲೆ ಕೈಕಾಲು ಸ್ವಲ್ಪ ಸಡಿಲಿಸಿತು, ಚೀರು ಮಾತ್ರ ನಿಲ್ಲಲಿಲ್ಲ. ನನ್ನ ಕೆಲಸ ನನಗೆ ಗೊತ್ತಿತ್ತು. ಸುತ್ತಿಗೆ ಎತ್ತಿ ಅಡಿಗಲ್ಲಿನ ಮೇಲೆ ಒಂದೇ ಸಮ ಬಡಿಯತೊಡಗಿದೆ. ಎರಡು ತಿಂಗಳು ಪಳಗಿದ ತಾಳ, ಒಂದು ಕೂದಲೆಳೆ ತಪ್ಪದು. ಒಳಗೆ ಕೂಸು ಹುಯಿಲಿಟ್ಟಿತು. ಇನ್ನೂ ಸಮನಾಗಿ ಬಡಿದೆ. ಹುಯಿಲು ಇನ್ನೂ ಏರಿತು. ಸ್ವಲ್ಪ ತಡೆದರೆ ಹೊಂದಿಕೊಳ್ಳುತ್ತದೆ, ನಮ್ಮ ಪಾರಿ ಹೊಂದಿಕೊಂಡಿರಲಿಲ್ಲವೇ ಅಂತ ಹಲ್ಲು ಕಚ್ಚಿ ಬಡಿದೆ. ಕೈ ಮತ್ತೆ ಅದೇ ಹಾದಿಗೆ ಬಿದ್ದಿತ್ತು.

ಕಾಳವ್ವ ಗೋಡೆಯ ಈಚೆ ಬಂದು ನಿಂತಳು. "ಇದು ನಮ್ಮ ಕೂಸಲ್ಲ. ನಿಲ್ಲಸು."

ನಿಲ್ಲಿಸಿದೆ. ತಿದಿ ಒತ್ತುವುದನ್ನೂ ಬಿಟ್ಟೆ. ಬೆಂಕಿ ಬೂದಿಯೊಳಗೆ ಕೂತಿತು. ಒಳಗಿನ ಚೀರು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ಹೊರಗೆ ಕೆಸರಿನಲ್ಲಿ ಒಕ್ಕಲಿಗ ಹಗ್ಗ ಕೈಬಿಟ್ಟು, ಬಾಗಿಲ ಕಡೆ ಕಿವಿಗೊಟ್ಟು ನಿಂತಿದ್ದ.

ಕಮ್ಮಾರಸಾಲಿಯಲ್ಲಿ ಹಾಡುಹಗಲು ಸುತ್ತಿಗೆ ನಿಂತರೆ ಆ ಮನೆಯಲ್ಲಿ ಹೆಣ ಬಿದ್ದಿದೆ ಅಂತಲೇ ನಮ್ಮ ಓಣಿಯಲ್ಲಿ ಅರ್ಥ. ನನ್ನಪ್ಪ ಸತ್ತ ದಿನ ಬಿಟ್ಟರೆ ನಿಂತದ್ದೇ ಇರಲಿಲ್ಲ. ಹುಸೇನಸಾಬ ತಲೆಯ ಮೇಲೆ ಹತ್ತಿ ಅಂಟಿಸಿಕೊಂಡು ಮಳೆಯಲ್ಲಿ ಓಡಿಬಂದ. "ಈರಪ್ಪಾ, ಯಾರು ಹೋದ್ರೋ?"

"ಯಾರೂ ಹೋಗಿಲ್ಲ," ಅಂದೆ. "ಮೆಲ್ಲಗ ಮಾತಾಡು."